ಅಳತೆ ಪುಸ್ತಕ

ಅಜ್ಮಾನಿನ ಪರದೆ ಅಂಗಡಿಯಲ್ಲಿ
ಹದಿನೇಳು ವರ್ಷದಿಂದ ನನ್ನ ಹೆಸರು ಮಾಸ್ಟರ್.
ಕಿಟಕಿ ಅಳೆಯುತ್ತೇನೆ. ಸೋಫಾ ಅಳೆಯುತ್ತೇನೆ.
ಹಬ್ಬದ ಮುಂಚೆ, ಅರ್ಬಾಬನಿಗೆ ಗೊತ್ತಾಗದ ಹಾಗೆ, ಒಂದೆರಡು ಕುಪ್ಪಸ.
ಕುದುರೆ ಅಳೆದವನಲ್ಲ.

ಶಮ್ಮಾ ಟೀಚರು ಕಂಬಳಿ ಹೊಲಿಸಲು ಬಂದರು:
ಉದ್ದ ಆರಡಿ, ಎದೆಗೆ ಎರಡು ಪಟ್ಟಿ, ಬಾಲಕ್ಕೊಂದು ಮುಚ್ಚಳ.
ಯಾರಿಗೆ ಮೇಡಂ, ಅಂದೆ.
ಬಂದು ನೋಡು, ಅಂದರು. ಟೇಪು ಮರೆಯಬೇಡ.

ಫಲಜ್ ಅಲ್ ಮುಅಲ್ಲಾ ದಾಟಿ, ಡಾಂಬರು ಮುಗಿದ ಮೇಲೂ
ಒಂಟೆಬೇಲಿಯ ಗುಂಟ ಎರಡು ಮೈಲಿ ಮರಳು.
ತಗಡಿನ ಕೊಟ್ಟಿಗೆ. ಒಡೆಯ ವೀಸಾ ರದ್ದು ಮಾಡಿಸಿ
ಯಾವ ದೇಶಕ್ಕೋ ಹಾರಿದ್ದ. ಕಾರು ಮಾರಿದ್ದ, ಮಂಚ ಮಾರಿದ್ದ,
ಇದನ್ನು ಕೊಳ್ಳುವವರು ಸಿಕ್ಕಿರಲಿಲ್ಲ.
ನೀರಿನ ತೊಟ್ಟಿಯಲ್ಲಿ ಒಣಗಿದ ಪಾಚಿಯ ಚಕ್ಕೆ.
ಬಾಗಿಲ ಮರವನ್ನು ಕಡಿದು ಕಡಿದು
ಹಲ್ಲಿನಿಂದಲೇ ಒಂದು ಕಿಟಕಿ ಮಾಡಿಕೊಂಡಿತ್ತು.

ಅದಕ್ಕೂ ಒಂದು ಪಾಸ್‌ಪೋರ್ಟು.
ಹೆಸರು ಘೈಮಾ, ಅಂದರೆ ಮೋಡ.
ಗುರುತು: ಹಣೆಯಲ್ಲಿ ಬಿಳಿ ಸುಳಿ.
(ನನ್ನದರಲ್ಲಿ: ಬಲ ಮೊಣಕೈ ಮೇಲೆ ಮಚ್ಚೆ.)

ದಾನ ಬಂದ ದನದ ಹಲ್ಲು ಎಣಿಸಬಾರದು
ಎಂಬುದು ನಮ್ಮ ಕಡೆಯ ಮಾತು.
ಡಾಕ್ಟರ್ ಮೋಯ್ರಾ ಮೊದಲು ಎಣಿಸಿದ್ದೇ ಹಲ್ಲು.
ಆಮೇಲೆ ನನ್ನತ್ತ ತಿರುಗಿ, ಇಲ್ಲಿ, ಅಂದರು,
ಹೆಗಲ ದಿಬ್ಬದಿಂದ ಮುಂಗಾಲ ಹಿಂದಕ್ಕೆ ಒಂದು ಸುತ್ತು.
ಅರವತ್ತು ಇಂಚಿನ ನನ್ನ ಟೇಪು
ಸಾಕಾಗಿ ಅರ್ಧ ಇಂಚು ಉಳಿಯಿತು.
ಸಾಕಾಯ್ತು ಮೇಡಂ, ಎಂದೆ ಖುಷಿಯಿಂದ.
ಸಾಕಾಗಬಾರದಿತ್ತು, ಅಂದರು.

ಪಕ್ಕದ ಕೊಟ್ಟಿಗೆಯ ಕಪ್ಪು ಮರಿಗೆ
ಅಳತೆ ತೆಗೆಯಲಿಲ್ಲ.
ಕಂಬಳಿ ಸಾಕಿತ್ತು, ಮುಖ ಮುಚ್ಚುವಷ್ಟು.

ಹಸಿದದ್ದಕ್ಕೆ ಒಮ್ಮೆಲೇ ಇಕ್ಕಿದರೆ ಸಾಯುತ್ತದಂತೆ.
ಮೂರು ಗಂಟೆಗೊಮ್ಮೆ ಒಂದು ಹಿಡಿ ನೆನೆಸಿದ ಜತ್ ಸೊಪ್ಪು,
ರಾತ್ರಿಯೂ. ಯಾರು ಏಳುತ್ತಾರೆ?
ಹನ್ನೆರಡಕ್ಕೆ ರೋಡೆಲ್, ಬರ್ಗರಿನ ಪಾಳಿ ಮುಗಿಸಿ, ಎಣ್ಣೆ ವಾಸನೆಯಲ್ಲೇ.
ಮೂರಕ್ಕೆ ಮುಲ್ತಾನಿನ ಅಲ್ಲಾಹ್ ದಿತ್ತಾ; ಅವನು ಹೋಗುವುದೇ ಇಲ್ಲ,
ಅಲ್ಲೇ ಹುಲ್ಲಿನ ಮೇಲೆ ಮಲಗುತ್ತಾನೆ.
ತಾಜುಸ್ಸಿರನ ನೀರಿನ ಟ್ಯಾಂಕರು ದಾರಿ ತಪ್ಪಿದಂತೆ ನಟಿಸಿ
ವಾರಕ್ಕೆರಡು ಸಲ ತಪ್ಪದೆ ಬರುತ್ತದೆ.
ಆರಕ್ಕೆ ನಾನು, ಬಕೆಟ್ಟಿನಲ್ಲಿ ಕೈ ಅದ್ದಿ.

ಜಗಳಗಳೂ ಆದವು. ಚಿಲಕ ಹಾಕದವರು ಯಾರು,
ಔಷಧದ ಲೆಕ್ಕದಲ್ಲಿ ನಲವತ್ತು ದಿರಹಂ ಎಲ್ಲಿ.
ನಾಲ್ಕು ಭಾಷೆಯಲ್ಲಿ ಬೈದಾಡಿದೆವು.
ಕುದುರೆ ಕಿವಿಯನ್ನೊಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿಸಿ ಕೇಳಿತು.

ಧೈದ್‌ನ ಒಂದು ನರ್ಸರಿಯ ಹಿತ್ತಲು ಅದರ ಸಾಕುಮನೆ.
ಮೊದಲ ದಿನವೇ ಮೂರು ದಾಸವಾಳದ ಕುಂಡ ಖಾಲಿ.
ನರ್ಸರಿಯವನು ತಲೆ ಮೇಲೆ ಕೈ ಹೊತ್ತು,
ಮರುದಿನ ತಾನೇ ನಾಲ್ಕನೆಯದನ್ನು ಹತ್ತಿರ ಸರಿಸಿದ.

ಅಂಗಡಿಯ ಅಳತೆ ಪುಸ್ತಕದಲ್ಲಿ,
ಯಾರದೋ ವಿಲ್ಲಾದ ಹನ್ನೊಂದು ಕಿಟಕಿಗಳ ಕೆಳಗೆ,
ಘೈಮಾ: ಐವತ್ತೊಂಬತ್ತೂವರೆ.
ಘೈಮಾ: ಐವತ್ತೊಂಬತ್ತೂವರೆ.
ಘೈಮಾ: ಐವತ್ತೊಂಬತ್ತು. (ಅವತ್ತು ಯಾರೂ ಚಹಾ ಕುಡಿಯಲಿಲ್ಲ.)
ಘೈಮಾ: ಅರವತ್ತು, ಸರಿಯಾಗಿ.
ಮತ್ತೊಂದು ಶನಿವಾರ, ಬಿಸಿಲೇರುವ ಮುನ್ನ,
ಎಳೆದರೂ ಟೇಪಿನ ಎರಡು ತುದಿ
ಒಂದನ್ನೊಂದು ಮುಟ್ಟಲಿಲ್ಲ.
ಸಾಲ್ತಿಲ್ಲ! ಎಂದು ಕೂಗಿದ್ದು ಕನ್ನಡದಲ್ಲಿ.
ಎಲ್ಲರಿಗೂ ಅರ್ಥವಾಯಿತು.

ಕಾಲಿನ ನರ ಹಳೆಯದು, ಸವಾರಿಗೆ ಆಗದು.
ಅಂಥದ್ದನ್ನು ಯಾರು ಒಯ್ಯುತ್ತಾರೆ?
ಮಸಾಫಿ ಬೆಟ್ಟದ ಕಡೆಯಿಂದ ಒಬ್ಬ ಮುದುಕಿ, ಮೋಝಾ, ಫೋನು ಮಾಡಿದಳು:
ನನ್ನ ಗಂಡು ಕುದುರೆಗೆ ಕಣ್ಣು ಹೋಗಿದೆ.
ಒಂಟಿಯಾಗಿ ಗೋಡೆಗೆ ಹಾಯುತ್ತದೆ.
ಜೊತೆಗೊಂದು ಬೇಕು. ಗಂಟೆ ಕಟ್ಟಿ ಕಳಿಸಿ,
ಸದ್ದು ಹಿಡಿದು ಹಿಂದೆ ನಡೆಯಲಿ.

ಕೊನೆಯ ಅಳತೆ ಕೊರಳಿನದು.
ಪರದೆಯ ಗಟ್ಟಿ ಬಟ್ಟೆ, ಎರಡು ಮಡಿಕೆ, ಒಳಗೆ ಹತ್ತಿ.
ನಡುವೆ ಹಿತ್ತಾಳೆಯ ಪುಟ್ಟ ಗಂಟೆ.
ಹೊಲಿಯುವಾಗಲೇ ಅದು ನುಡಿಯುತ್ತಿತ್ತು,
ಮಿಷಿನ್ನು ತುಳಿದಷ್ಟೂ.

ನಿನ್ನೆ ಮೋಝಾಳ ಮೊಮ್ಮಗ ಕಳಿಸಿದ ವೀಡಿಯೊ:
ಖರ್ಜೂರದ ಸಾಲಿನಲ್ಲಿ ಮುಂದೆ ಒಂದು, ಹಿಂದೆ ಒಂದು.
ಏನದು ಟಣ್ ಟಣ್, ಎಂದರು ಗಿರಾಕಿ.
ಫೋನು ಜೇಬಿಗಿಳಿಸಿ
ಟೇಪನ್ನು ಕೊರಳಿಗೆ ಹಾಕಿಕೊಂಡು ಕೇಳಿದೆ,
ಹೇಳಿ, ಕಿಟಕಿ ಎಷ್ಟಗಲ?